ಹೊರಬಂದ ಬಾಲಕ, ಹೊರಗಾದ ಯಮುನಕ್ಕ: ‘ಘಟಶ್ರಾದ್ಧ’ವನ್ನು ಕುರಿತು

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು ನವಿ ಮುಂಬಯಿಯ ಬೇಲಾಪುರದಲ್ಲಿ ನೆಲೆಸಿದ ಕೆಲವು ಕನ್ನಡ ಓದುಗರೊಡನೆ ಚರ್ಚಿಸುವ ಅವಕಾಶ ನಮಗೆ ಒದಗಿತ್ತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಸಂಸ್ಥೆಯು ಯೋಜಿಸಿ ಬೆಳೆಸಿದ ಈ ನಗರಕ್ಕೆ ಊರು ಬಿಟ್ಟು ಬಂದವರು ಅವರು. ಅವರಲ್ಲಿ ಹೆಚ್ಚಿನವರು ಕಥೆಯ ಮುಕ್ತಾಯವನ್ನು ಬಿಡುಗಡೆಯೆಂದೇ ಗ್ರಹಿಸಿದರು. ತಂದೆ ಬಂದು ಮಗನನ್ನು ಕರೆದೊಯ್ಯುತ್ತಾನೆ, ಹುಡುಗ ಬದುಕಿಕೊಂಡ ಎಂಬುದು ಅವರ ಅಭಿಪ್ರಾಯ. ಈ ಗ್ರಹಿಕೆಯನ್ನು ನಾವು ಒಪ್ಪಲಾರೆವು.

ಕನ್ನಡೇತರ ಪ್ರದೇಶದ ಸಂಶೋಧಕರಿಗಾಗಿ ಕಥೆಯ ನೆಲೆಯನ್ನು ಸ್ವಲ್ಪ ತಿಳಿಸಬೇಕು. ಮಲೆನಾಡಿನ ಅಗ್ರಹಾರವೊಂದರಲ್ಲಿ ಶೇಷಗಿರಿ ಉಡುಪರ ವೇದಪಾಠಶಾಲೆಯಿದೆ. ಅಲ್ಲಿಗೆ ಬಂದ ಎಳೆಯ ಬಾಲಕನಿಗೆ ಉಡುಪರ ವಿಧವೆ ಮಗಳು ಯಮುನಕ್ಕನೊಬ್ಬಳೇ ಆಸರೆ. ಅವಳು ಶಾಲಾ ಮಾಸ್ತರನಿಂದ ಗರ್ಭಿಣಿಯಾಗಿರುತ್ತಾಳೆ. ಅಗ್ರಹಾರವನ್ನು ಪಂಥವೆಂದು ಕರೆಯುವುದು ಪೂರ್ಣ ಸರಿಯಲ್ಲವಾದರೂ, ಹೊರಗಿನ ನ್ಯಾಯ ಪ್ರವೇಶಿಸದ, ಒಳಗಿನವರೇ ಸಾಕ್ಷಿಗಳೂ ನ್ಯಾಯಾಧೀಶರೂ ಆಗುವ ಲೋಕವೆಂಬಲ್ಲಿ ಎರಡಕ್ಕೂ ವ್ಯತ್ಯಾಸ ಕಡಿಮೆ. ಸ್ವತಃ ತೀರ್ಥಹಳ್ಳಿ ಸೀಮೆಯವರಾದ, ದೂರ್ವಾಸಪುರದ ಸಾಂಪ್ರದಾಯಿಕ ಪಾಠಶಾಲೆಯಲ್ಲಿ ಕಲಿತ ಲೇಖಕರಿಗೆ ಈ ಲೋಕ ಓದಿ ತಿಳಿದದ್ದಲ್ಲ.

ಈ ಲೋಕದಿಂದ ಹೊರಹೋಗುವವನು ಬಾಲಕನೊಬ್ಬನೇ ಅಲ್ಲ. ಮಾಸ್ತರ ಊರು ಬಿಟ್ಟು ಜಾರಿಕೊಳ್ಳುತ್ತಾನೆ, ಅವನನ್ನು ಯಾರೂ ವಿಚಾರಿಸುವುದಿಲ್ಲ. ಬಾಲಕನ ಕೈಹಿಡಿಯಲು ತಂದೆಯಿದ್ದಾನೆ. ಯಮುನಕ್ಕನಿಗೂ ತಂದೆಯಿದ್ದಾನೆ, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವವನು ಅವನೇ. ಆದ್ದರಿಂದ ಹೊರಬರುವುದೆಂಬುದು ಇಲ್ಲಿ ವ್ಯಕ್ತಿಯ ಧೈರ್ಯದ ಫಲವಲ್ಲ. ಯಾರಿಗೆ ಯಾವ ಬಾಗಿಲು ತೆರೆಯಬೇಕೆಂಬುದನ್ನು ಆ ಲೋಕವೇ ಮೊದಲು ನಿಶ್ಚಯಿಸಿಬಿಟ್ಟಿದೆ. ನವ್ಯ ವಿಮರ್ಶೆಯು ವ್ಯಕ್ತಿಯ ಬಂಡಾಯಕ್ಕೆ ಕೊಟ್ಟ ಪ್ರಾಧಾನ್ಯದಿಂದಾಗಿ ಈ ಅಂಶ ತಕ್ಕಷ್ಟು ಗಮನಕ್ಕೆ ಬಂದಂತಿಲ್ಲ. ಇನ್ನೂ ಒಂದು ಮಾತು: ಬಾಲಕ ಬರಿಯ ಸಾಕ್ಷಿಯಲ್ಲ. ಅವಳ ಗುಟ್ಟನ್ನು ಬಲ್ಲವನು, ಕತ್ತಲಲ್ಲಿ ಅವಳೊಡನೆ ನಡೆದವನು. ಅವನು ಹೊರಟುಹೋದರೆ ಅವಳ ಪರವಾಗಿ ನುಡಿಯಬಲ್ಲ ಕೊನೆಯ ನಾಲಗೆಯೂ ಹೋದಂತೆ. ಇದನ್ನು ಬಿಡುಗಡೆಯೆನ್ನುವುದಾದರೆ ಅದರ ಬೆಲೆಯನ್ನು ತೆತ್ತವಳು ಯಮುನಕ್ಕ.

ಗಿರೀಶ ಕಾಸರವಳ್ಳಿಯವರು ತಮ್ಮ 1977ರ ಚಿತ್ರದಲ್ಲಿ ಇದನ್ನು ಸರಿಯಾಗಿ ಹಿಡಿದಿದ್ದಾರೆ. ತಂದೆಯೊಡನೆ ಹೊರಟ ಹುಡುಗನ ಕಣ್ಣಿಗೆ ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನಕ್ಕ ಬೀಳುತ್ತಾಳೆ. ಅವನು ಮುಂದೆ ಸಾಗಲೇಬೇಕು. ಸ್ವರ್ಣಕಮಲ ಪಡೆದ ಈ ಚಿತ್ರ 2024ರಲ್ಲಿ ಪುನರುಜ್ಜೀವನಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು.

ಬೇಲಾಪುರದ ಚರ್ಚೆಯಲ್ಲಿ ಹಿರಿಯ ಮಹಿಳೆಯೊಬ್ಬರು ಮಾತ್ರ ನಮ್ಮ ಪಕ್ಷದಲ್ಲಿದ್ದರು. ಜಾತಿಭ್ರಷ್ಟರೆಂದು ತೀರ್ಮಾನಿಸಿದವರ ಹೆಸರಿನಲ್ಲಿ ಮಡಕೆಯೊಡೆದು ಸಂಬಂಧ ಕಡಿದುಕೊಳ್ಳುವ ಈ ಕರ್ಮಕ್ಕೆ ‘ಘಟಸ್ಫೋಟ’ವೆಂಬ ಹೆಸರೂ ಇದೆ, ಮರಾಠಿಯಲ್ಲಿ ಇಂದು ಅದು ವಿವಾಹವಿಚ್ಛೇದನಕ್ಕೆ ಬಳಕೆಯಲ್ಲಿರುವ ಪದ. ಇಲ್ಲಿನ ನ್ಯಾಯಾಲಯದ ಕಾಗದಗಳಲ್ಲಿ ದಿನವೂ ಕಾಣುವ ಆ ಪದವನ್ನು ತೋರಿಸಿ ಅವರು ಕೇಳಿದರು: “ಇದನ್ನಾದರೆ ಹೆಂಗಸೂ ಕೇಳಬಹುದು. ಅದನ್ನು ಯಮುನಕ್ಕ ಯಾರ ಮೇಲೆ ಮಾಡಬಹುದಿತ್ತು?”