ಧರಣಿಯ ಹಾಡನ್ನು ಕೇಳುವ ಬಗೆ

ದೆಹಲಿಯ ಮುಖರ್ಜಿ ನಗರದ ಬಾಡಿಗೆ ಕೋಣೆಗಳಲ್ಲಿ ಐಎಎಸ್‌ಗೆ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರೇ, ನೀವಿರುವುದು ಬರೀ ಕೋಚಿಂಗ್ ಬೋರ್ಡುಗಳ ಬಡಾವಣೆಯಲ್ಲ. 2011ರಲ್ಲಿ ಪೂರ್ವಭಾವಿ ಪರೀಕ್ಷೆಗೆ ಬಂದ ಸಿಸ್ಯಾಟ್ ಪತ್ರಿಕೆ ಇಂಗ್ಲಿಷ್ ಬಲ್ಲವರಿಗಷ್ಟೇ ಅನುಕೂಲ ಎಂದು ಭಾರತೀಯ ಭಾಷೆಗಳಲ್ಲಿ ಓದಿದವರು 2014ರ ಜುಲೈನಲ್ಲಿ ಇದೇ ಬೀದಿಗಳಲ್ಲಿ ಧರಣಿ ಕೂತಿದ್ದರು. ಇಂಗ್ಲಿಷ್ ಗ್ರಹಿಕೆಯ ಅಂಕ ಲೆಕ್ಕಕ್ಕಿಲ್ಲ ಎಂದು ಸರ್ಕಾರ ಆಗಸ್ಟ್‌ನಲ್ಲಿ ಒಪ್ಪಿತು. 2020ರ ನವೆಂಬರ್ ಕೊನೆಗೆ ಪಂಜಾಬು, ಹರಿಯಾಣದ ರೈತರು ಕೃಷಿ ಕಾಯ್ದೆಗಳ ವಿರುದ್ಧ ಬಂದು ಸಿಂಘು ಗಡಿಯಲ್ಲಿ ವರ್ಷಕ್ಕೂ ಮಿಕ್ಕಿ ಕೂತರು; ಒಂದಷ್ಟು ಜನ ನಿಮ್ಮ ಪಕ್ಕದ ಬುರಾಡಿ ಮೈದಾನಕ್ಕೂ ಬಂದರು. ಇಂಥ ಕಡೆ ಹಾಡು ಇದ್ದೇ ಇರುತ್ತದೆ. ಅದನ್ನು ಕಛೇರಿ ಕೇಳುವ ಕಿವಿಯಿಂದ ಕೇಳಿದರೆ ಏನೂ ದಕ್ಕುವುದಿಲ್ಲ.

ಮೊದಲು ಮುಂದಾಳು ಹಾಡುಗಾರನನ್ನು ಬಿಟ್ಟು ಹಿಂದಿನ ಸಾಲಿಗೆ ಕಿವಿಗೊಡಿ. ಪಲ್ಲವಿ ಮೊದಲ ಸಲ ಬಂದಾಗ ಜೊತೆಗಾರರು ನಾಲ್ಕೈದು ಮಂದಿ ಮಾತ್ರ ದನಿಗೂಡಿಸುತ್ತಾರೆ. ಎರಡನೇ ಸಲಕ್ಕೆ ಕೆಲವರ ತುಟಿ ಅಲುಗುತ್ತದೆ. ಮೂರನೆಯದಕ್ಕೆ, ಹಾಡು ಗಟ್ಟಿಯಾಗಿದ್ದರೆ, ಹಿಂದೆ ನಿಂತವರೂ ಎತ್ತಿಕೊಳ್ಳುತ್ತಾರೆ. ಪಲ್ಲವಿ ಒಂದೇ ಉಸಿರಿಗೆ ಮುಗಿಯುವಷ್ಟು ಚಿಕ್ಕದಿದ್ದರೆ, ರಾಗ ಎಂಥವರ ಗಂಟಲಿಗೂ ಎಟುಕಿದರೆ ಮಾತ್ರ ಇದು ಸಾಧ್ಯ. ಕಷ್ಟದ ಚರಣಗಳು ಮುಂದಾಳಿಗೆ, ಪಲ್ಲವಿ ಎಲ್ಲರಿಗೆ. ಈ ಹಂಚಿಕೆಯೇ ಇಲ್ಲಿನ ಕಲೆ. ಶ್ರುತಿ ಅಲ್ಲಲ್ಲಿ ತಪ್ಪುತ್ತದೆ, ತಪ್ಪಲಿ.

ಕನ್ನಡದಲ್ಲಿ ಇದರ ಒಳ್ಳೆಯ ಮಾದರಿ ಬೇಕೆಂದರೆ ದಲಿತ ಸಂಘರ್ಷ ಸಮಿತಿಯ ಹಾಡುಗಳಿಗೆ ಹೋಗಿ. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಮಾತಿನಿಂದ ಹುಟ್ಟಿದ 1973ರ ಬೂಸಾ ಗಲಾಟೆಯ ಬೆನ್ನಿಗೆ ಎದ್ದ ಚಳವಳಿ ಅದು. ಕವಿ ಸಿದ್ಧಲಿಂಗಯ್ಯನವರ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ನಲವತ್ತೇಳರ ಸ್ವಾತಂತ್ರ್ಯವನ್ನು ಕುರಿತ ಅವರ ಹಾಡನ್ನು ಪಿಚ್ಚಳ್ಳಿ ಶ್ರೀನಿವಾಸ್, ಜನ್ನಿ ಅವರಂಥ ಹಾಡುಗಾರರು ಊರೂರಲ್ಲಿ ಹಾಡಿದ್ದಾರೆ. ಅದರ ಪಲ್ಲವಿಯೇ ಒಂದು ಪ್ರಶ್ನೆ: ಯಾರಿಗೆ ಬಂತು, ಎಲ್ಲಿಗೆ ಬಂತು? ಚರಣಗಳಲ್ಲಿ ಹಾಡುಗಾರ ಆ ಸ್ವಾತಂತ್ರ್ಯ ಯಾರ ಪಾಲಾಯಿತೆಂದು ಹೇಳುತ್ತಾ ಹೋಗುತ್ತಾನೆ. ಸೇರಿದವರು ಪ್ರತಿ ಸಲವೂ ಅದೇ ಪ್ರಶ್ನೆಗೆ ಮರಳುತ್ತಾರೆ. ಪದ ಒಂದೂ ಬದಲಾಗುವುದಿಲ್ಲ, ಆದರೆ ಮೊದಲ ಸಲದ ಪ್ರಶ್ನೆ ಕೊನೆಗೆ ಆರೋಪಪಟ್ಟಿಯಾಗಿರುತ್ತದೆ. ಬರೆದ ಕವಿತೆಯನ್ನು ಮನೆಯಲ್ಲಿ ಓದಿದಾಗ ನನಗಿದು ಇಷ್ಟು ಕಂಡಿರಲಿಲ್ಲ.

ತಮಟೆಯನ್ನು ಮರೆಯಬೇಡಿ. ಹಾಡಿಗೆ ಮುಂಚೆ ಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ಚರ್ಮವನ್ನು ಕಾಯಿಸುತ್ತಾರೆ. ತಂಡಿಗೆ ಸಡಿಲಾದ ಚರ್ಮ ಬಿಗಿಯಾಗಿ, ಮಂಕಾದ ನಾದ ಸಿಡಿಯತೊಡಗುತ್ತದೆ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳುವಾದ ಉದ್ದ ಕಡ್ಡಿ: ದಪ್ಪದ್ದು ನಡೆ ಹಿಡಿದರೆ ಕಡ್ಡಿ ಚಟಚಟನೆ ತುಂಬುತ್ತದೆ. ಊರಿನ ಸಾವಿಗೆ, ಹಬ್ಬಕ್ಕೆ ಬಿಟ್ಟಿಯಾಗಿ ಬಡಿಯಬೇಕೆಂದು ಒಂದು ಜಾತಿಯ ತಲೆಗೆ ಕಟ್ಟಿದ್ದ ವಾದ್ಯ ಇದು. ಅದನ್ನೇ ಆ ಜನ ಹೋರಾಟದ ಮುಂದಕ್ಕೆ ತಂದು ನಿಲ್ಲಿಸಿದರು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ದೆಹಲಿಯ ಧರಣಿಗಳಲ್ಲಿ ನಿಮಗೆ ಸಿಗುವುದು ಕೈಯಿಂದ ಬಡಿಯುವ ದಫ್ಲಿ. ಅದರ ನಡೆ ಸರಳ, ಕಲಿಯುವುದು ಸುಲಭ.

ಅಲ್ಲಿ ಹೆಚ್ಚಾಗಿ ಕೇಳಿಬರುವ ಹಾಡುಗಳಲ್ಲಿ ಉರ್ದು ಕವಿ ಫೈಜ್ ಅಹ್ಮದ್ ಫೈಜ್ 1979ರಲ್ಲಿ ಬರೆದ ‘ಹಮ್ ದೇಖೇಂಗೆ’ ಒಂದು. 1986ರಲ್ಲಿ ಲಾಹೋರಿನಲ್ಲಿ ಗಾಯಕಿ ಇಕ್ಬಾಲ್ ಬಾನೋ ಹಾಡಿದ್ದರ ಧ್ವನಿಮುದ್ರಣ ಕೇಳಿ. ಸಭಿಕರ ಚಪ್ಪಾಳೆ, ಘೋಷಣೆ ಹಾಡಿನ ನಡುವೆಯೇ ನುಗ್ಗುತ್ತವೆ. ಅವನ್ನು ಅಳಿಸಿದರೆ ಅರ್ಧ ಹಾಡೇ ಹೋದಂತೆ. ದೊಡ್ಡ ಸ್ಪೀಕರ್ ಹಾಕಿಕೊಂಡು, ಜನರಿಗೆ ಬಾಯಿ ತೆರೆಯಲೂ ಬಿಡದೆ ಒಬ್ಬರೇ ಹಾಡುವ ಕಾರ್ಯಕ್ರಮ ಎಷ್ಟೇ ಇಂಪಾಗಿರಲಿ, ಅದನ್ನು ನಾನು ಹೋರಾಟದ ಹಾಡೆಂದು ಒಪ್ಪಲಾರೆ.

ಬಿಡುವಾದ ದಿನ ಜಿಟಿಬಿ ನಗರದಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ ಪಟೇಲ್ ಚೌಕದಲ್ಲಿ ಇಳಿಯಿರಿ, ಧರಣಿಗಳು ನಡೆಯುವ ಜಂತರ್ ಮಂತರ್ ಅಲ್ಲಿಂದ ಹತ್ತಿರ. ಮೊಬೈಲು ಜೇಬಿನಲ್ಲಿರಲಿ. ಯಾವ ಬೇಡಿಕೆಗಾಗಿ ಕೂತಿದ್ದಾರೆಂದು ಮೊದಲು ಕೇಳಿ ತಿಳಿದುಕೊಳ್ಳಿ. ಅದು ನಿಮಗೆ ನ್ಯಾಯವೆನಿಸಿದರೆ ಪಲ್ಲವಿ ಎರಡನೇ ಸಲ ಬಂದಾಗ ನೀವೂ ದನಿಗೂಡಿಸಿ.