ಬೆಂದದ್ದು ಗೊತ್ತಾಗುವುದು ಹೇಗೆ?

ಬೇಕನ್ ಸ್ಯಾಂಡ್‌ವಿಚ್‌ಗೆ ದೊಡ್ಡ ವಿದ್ಯೆಯೇನೂ ಬೇಡ. ಉಪ್ಪಿನಲ್ಲಿ ಹದಗೊಂಡ ಹಂದಿಮಾಂಸದ ತೆಳು ಸೀಳುಗಳನ್ನು ಅದರದೇ ಕೊಬ್ಬಿನಲ್ಲಿ ಹುರಿದು ಎರಡು ಬ್ರೆಡ್ ನಡುವೆ ಇಟ್ಟರೆ ಮುಗಿಯಿತು. ಅಂಥದ್ದಕ್ಕೂ ಇಂಗ್ಲಿಷಿನವರು ಪುಟಗಟ್ಟಲೆ ಬರೆದಿದ್ದಾರೆ. ನಮ್ಮ ಉಗಾರ ಖುರ್ದದಲ್ಲಿ ಬೇಕನ್ ಹೆಸರೆತ್ತಿದರೆ ಅರ್ಧ ಊರು ಕಿವಿ ಮುಚ್ಚಿಕೊಂಡೀತು. ಇಲ್ಲಿಯ ಸ್ಯಾಂಡ್‌ವಿಚ್ ಎಂದರೆ ಝುಣಕ ಹಚ್ಚಿ ಮಡಚಿದ ಜೋಳದ ರೊಟ್ಟಿ. 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯಲು ಬರುವ ಟೋಳಿಗಳ ಬುತ್ತಿಯೂ ಹೆಚ್ಚುಕಡಿಮೆ ಅದೇ. ಅದನ್ನು ಮಾಡುವವರು ಯಾವ ಪುಸ್ತಕವನ್ನೂ ತೆರೆದವರಲ್ಲ.

ಹಾಗೆಂದು ಕನ್ನಡ ನಾಡಿಗೆ ಅಡುಗೆ ಬರೆದಿಡುವ ರೂಢಿ ಹೊಸದೇನಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ತನ್ನ ಕನ್ನಡ ‘ಲೋಕೋಪಕಾರ’ದಲ್ಲಿ ವಾಸ್ತು, ವೈದ್ಯ, ಶಕುನಗಳ ಜೊತೆ ಅಡುಗೆಗೂ ಜಾಗ ಕೊಟ್ಟ. ಮುಂದಿನ ಶತಮಾನದಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ ಬಂತು. ಇಡ್ಲಿ, ದೋಸೆಗಳ ಪೂರ್ವಜರನ್ನು ಹುಡುಕುವವರೆಲ್ಲ ಅದರ ಅನ್ನಭೋಗದ ಭಾಗಕ್ಕೆ ಎಡತಾಕುತ್ತಾರೆ. ಹಂದಿಯ ಅಡುಗೆ ಬಂದಾಗ ಮಾತ್ರ ಮೆಲ್ಲಗೆ ಪುಟ ತಿರುವುತ್ತಾರೆ. ನನಗೆ ಆ ಇಡೀ ಭಾಗದಲ್ಲಿ ಅತ್ಯುತ್ತಮ ಎನಿಸಿದ್ದು ಅದೇ.

ಹಂದಿಯ ಮೇಲೆ ಬಿಳಿ ಬಟ್ಟೆ ಹೊದಿಸಿ, ಕೂದಲು ಕೈಗೆ ಕಿತ್ತು ಬರುವ ತನಕ ಕುದಿನೀರು ಸುರಿಯಬೇಕು. ಇಲ್ಲವೇ ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಆಮೇಲೆ ಕೆಂಡದ ಮೇಲೆ ನೀರಿನಂಶ ಆರುವಂತೆ ಹುರಿಯಬೇಕು. ತಾಳೆಗರಿಯಷ್ಟು ತೆಳ್ಳಗೆ ಸೀಳುವ ಮಾತೂ ಅಲ್ಲಿದೆ. ಸೇರು, ಪಾವುಗಳ ಗೊಡವೆಯಿಲ್ಲ, ಗಳಿಗೆಯ ಲೆಕ್ಕವೂ ಇಲ್ಲ. ಆದರೆ ಪ್ರತಿ ಹಂತದಲ್ಲೂ ಒಂದು ಗುರುತು ಇದೆ: ಕೂದಲು ಸಡಿಲವಾಯಿತೇ, ಪಸೆ ಆರಿತೇ. ಎಂದೂ ಹಂದಿ ಮುಟ್ಟದವನಿಗೂ ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿಯುತ್ತದೆ. ಬರೆದ ಅಡುಗೆಯ ಯೋಗ್ಯತೆಯನ್ನು ನಾನು ಅಳೆಯುವುದು ಇಷ್ಟರಿಂದಲೇ. ದೊರೆ ಉಣ್ಣುವವನು, ನಿಜ; ಆದರೆ ಈ ಸಾಲುಗಳ ಹಿಂದೆ ನಿಂತಿರುವುದು ಹೆಸರಿಲ್ಲದ ಯಾವನೋ ಬಾಣಸಿಗನ ಕಣ್ಣು.

ಸ್ಯಾಂಡ್‌ವಿಚ್ಚಿನ ಇನ್ನರ್ಧ, ಅಂದರೆ ರೊಟ್ಟಿ, ಬೇಕಾದರೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇದೆ. ಹದಿನಾರನೆಯ ಶತಮಾನದ ಆರಂಭದ್ದು, ಕನ್ನಡ ಪದ್ಯದಲ್ಲಿದೆ. ಮೇಲೂ ಕೆಳಗೂ ಕೆಂಡ ಇಟ್ಟು ಬೇಯಿಸುವ ಮುಚ್ಚಳ ರೊಟ್ಟಿಯನ್ನು ಅವನು ಹೇಳುತ್ತಾನೆ. (ಜೈನ ಕವಿಯ ರೊಟ್ಟಿಯೊಳಗೆ ಸೋಮೇಶ್ವರನ ಹಂದಿ ಇಡುವ ಆಲೋಚನೆ ನನ್ನದು, ಇಬ್ಬರೂ ಕ್ಷಮಿಸಲಿ.) ಪದ್ಯ ಬಾಯಿಪಾಠಕ್ಕೆ ಒದಗುತ್ತದೆ, ಓದಿದರೆ ಬಾಯಲ್ಲಿ ನೀರೂ ಬರುತ್ತದೆ. ಆದರೆ ಕರ್ಪೂರ, ಕೇದಗೆಗಳ ಘಮಲು ಹೆಚ್ಚಾದಷ್ಟೂ ಒಲೆ ದೂರವಾಗುತ್ತದೆ. ಕಾವ್ಯವಾಗಿ ಅದು ಗೆದ್ದಿದೆ, ಕೈಪಿಡಿಯಾಗಿ ಅರ್ಧ ಮಾತ್ರ.

ಅಳತೆಯ ಶಿಸ್ತು ಬಂದದ್ದು ಬಹಳ ತಡವಾಗಿ. 1845ರಲ್ಲಿ ಎಲೈಜಾ ಆಕ್ಟನ್ ಇಂಗ್ಲೆಂಡಿನ ಮನೆಗಳಿಗಾಗಿ ಸಾಮಾನಿನ ಪ್ರಮಾಣ, ಬೇಯುವ ಹೊತ್ತು ಎರಡನ್ನೂ ಪ್ರತ್ಯೇಕವಾಗಿ ನಮೂದಿಸಿದಳು. ನಮ್ಮ ಮಗ್ಗುಲಲ್ಲೇ, ಮಿರಜ್ ದಾಟಿದರೆ ಸಿಗುವ ಸಾಂಗ್ಲಿಯ ಕಮಲಾಬಾಯಿ ಓಗಲೆ 1970ರಲ್ಲಿ ಮರಾಠಿಯ ‘ರುಚಿರಾ’ದಲ್ಲಿ ವಾಟಿ–ಚಮಚೆಯ ಲೆಕ್ಕ ಕೊಟ್ಟರು. ತವರು ಬಿಟ್ಟು ದೂರದ ನಗರದಲ್ಲಿ ಒಲೆ ಹೂಡಿದ ಹೊಸ ಸೊಸೆಗೆ ಅದು ನಿಜವಾದ ಉಪಕಾರ. ಅವ್ವ ಹತ್ತಿರವಿಲ್ಲದವರಿಗೆ ವಾಟಿಯೇ ದಿಕ್ಕು.

ಆದರೆ ಜೋಳದ ರೊಟ್ಟಿಗೆ ವಾಟಿ ಸಾಲದು. ಜೋಳಕ್ಕೆ ಗೋಧಿಯ ಜಿಗಿ ಇಲ್ಲ. ಕುದಿಯುವ ಎಸರು ಹೊಯ್ದು ನಾದಿದಾಗಲೇ ಹಿಟ್ಟು ಒಂದಾಗುವುದು. ಬೀಸಿ ಬಹಳ ದಿನವಾದ ಹಿಟ್ಟಾದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಹೆಂಚಿಗೆ ಹಾಕಿ ಮೇಲೆ ನೀರು ಸವರಿ, ಆ ನೀರು ಆರುತ್ತಿದ್ದಂತೆ ತಿರುವಬೇಕು, ತಡವಾದರೆ ಉಬ್ಬುವುದಿಲ್ಲ. ಇಂದಿನ ಅಡುಗೆ ಪುಸ್ತಕಗಳು ‘ಎರಡು ಕಪ್ ಜೋಳದ ಹಿಟ್ಟು, ಬೇಕಾದಷ್ಟು ಬಿಸಿನೀರು’ ಎಂದು ಬರೆದು ಕೈ ತೊಳೆದುಕೊಳ್ಳುತ್ತವೆ. ಝುಣಕಕ್ಕೂ ಇದೇ ಗತಿ. ‘ರುಚಿಗೆ ತಕ್ಕಷ್ಟು ಉಪ್ಪು’ ಎಂಬುದನ್ನಂತೂ ಬರೆಯದಿದ್ದರೂ ನಡೆದೀತು. ಗಂಟಾಗದಂತೆ ಕಡಲೆಹಿಟ್ಟನ್ನು ಉದುರಿಸುತ್ತ ಇನ್ನೊಂದು ಕೈಯಲ್ಲಿ ತಿರುವುವುದು ಹೇಗೆ, ಹಸಿ ವಾಸನೆ ಹೋದದ್ದು ಯಾವಾಗ ಎಂದು ಹೇಳಬೇಕಾದ ಕಡೆ ಪುಸ್ತಕ ಸುಮ್ಮನಾಗುತ್ತದೆ. ಒಂಬತ್ತು ನೂರು ವರ್ಷದ ಹಿಂದಿನ ಹಂದಿಯ ಅಡುಗೆ ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡಿದೆ.

ಅಥಣಿ, ಕಾಗವಾಡ, ರಾಯಬಾಗ ಕಡೆಯ ಅಡುಗೆಗಳನ್ನು ಪುಸ್ತಕ ಮಾಡಲು ಹೊರಟವರಲ್ಲಿ ಒಂದು ಕೋರಿಕೆ: ಕಪ್ಪಿನ ಲೆಕ್ಕ ಕೊಡಿ, ಬೇಡವೆನ್ನುವುದಿಲ್ಲ. ಅದರ ಪಕ್ಕದಲ್ಲಿ ಜೋಳ ಯಾವುದು, ಹಿಟ್ಟು ಬೀಸಿ ಎಷ್ಟು ದಿನವಾಗಿತ್ತು, ರೊಟ್ಟಿ ತಿರುವಿದ್ದು ಏನನ್ನು ನೋಡಿ ಎಂಬುದನ್ನೂ, ರೊಟ್ಟಿ ಬಡಿದವಳ ಹೆಸರನ್ನೂ ಬರೆಯಿರಿ.