ಬಲ್ಮಠದ ಸಭೆ: ಆಸರೆಯೂ ಅಂಕೆಯೂ

ಮಂಗಳೂರಿನ ಬಾಸೆಲ್ ಮಿಶನ್ ಎಂದೊಡನೆ ನಾವು ಕಿಟ್ಟೆಲರ ನಿಘಂಟನ್ನೂ 1843ರ 'ಮಂಗಳೂರ ಸಮಾಚಾರ' ಪತ್ರಿಕೆಯನ್ನೂ ಹೊಗಳಿ ಮುಂದೆ ಹೋಗುತ್ತೇವೆ. ಆ ಹೊಗಳಿಕೆ ಸಲ್ಲಬೇಕಾದದ್ದೇ. ಆದರೆ 1862ರಲ್ಲಿ ಬಲ್ಮಠದಲ್ಲಿ ಎದ್ದುನಿಂತ ಶಾಂತಿ ಚರ್ಚಿನ ಬೆಂಚುಗಳಲ್ಲಿ ಕೂತ ಜನರ ಬದುಕಿಗೆ ಮಿಶನ್ ಕಟ್ಟಿದ ಈ ಕ್ರೈಸ್ತ ಸಭೆ ಏನು ಮಾಡಿತು ಎಂಬ ಪ್ರಶ್ನೆ ನನಗೆ ಅದಕ್ಕಿಂತ ದೊಡ್ಡದು.

1834ರಲ್ಲಿ ಮಿಶನ್ನಿನ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದ ಮೇಲೆ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಸೇರಿದ ದಿನವೇ ಹೊಟ್ಟೆಪಾಡಿನ ಪ್ರಶ್ನೆ ಎದ್ದಿತು. ಮನೆಯವರು ದೂರ ಮಾಡಿದರು, ಗೇಣಿಯ ಭೂಮಿ ಕೈತಪ್ಪುವ ಭಯ ಬಂತು. ಶೇಂದಿ ಇಳಿಸುವ ಅವರ ಮೂರ್ತೆಯ ಕಸುಬನ್ನು ಮಿಶನ್ನೇ ಬಿಡಿಸಿತು, ಶೇಂದಿ ಅದರ ಕಣ್ಣಿಗೆ ಪಾಪ. ಕಸುಬು ಬಿಡಿಸಿದವರು ಕಸುಬು ಕೊಡಲೇಬೇಕಿತ್ತು. ಬೇಸಾಯದ ಪ್ರಯೋಗ ಕೈಹಿಡಿಯಲಿಲ್ಲ, ಮಗ್ಗ ಹಿಡಿಯಿತು. 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ನದಿಯ ಜೇಡಿ, ಸುತ್ತಲ ಕಾಡಿನ ಸೌದೆ, ಹತ್ತಿರದ ಬಂದರು, ಮೂರೂ ಒದಗಿದವು. ಮುಳಿಹುಲ್ಲಿನ ಮಾಡುಗಳ ಮೇಲೆ ಮಂಗಳೂರು ಹಂಚು ಬಂತು. ಕ್ರೈಸ್ತರಲ್ಲದವರೂ ಅಲ್ಲಿ ದುಡಿದರು. ಬೇರೆ ಬೇರೆ ಜಾತಿಯವರನ್ನು ಒಂದೇ ಸೂರಿನಡಿ ಕೂಲಿಗೆ ನಿಲ್ಲಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ನನ್ನ ತಕರಾರು ಶುರುವಾಗುವುದೂ ಇಲ್ಲೇ. ಕೂಲಿ ಕೊಡುವುದು ಮಿಶನ್, ಮಕ್ಕಳಿಗೆ ಪಾಠ ಹೇಳುವುದು ಮಿಶನ್, ತಪ್ಪು ಮಾಡಿದವರನ್ನು ಪ್ರಭುಭೋಜನದಿಂದ ಹೊರಗಿಡುವುದೂ ಮಿಶನ್. ಭಾನುವಾರದ ಶಿಸ್ತು ಸೋಮವಾರದ ಕೆಲಸಕ್ಕೂ ತಾಗುವಾಗ ಆಳು ಎದುರು ಮಾತಾಡುವುದು ಹೇಗೆ? ಆಸರೆ ನಿಜವಾಗಿತ್ತು, ಅಂಕೆಯೂ ಅಷ್ಟೇ ನಿಜವಾಗಿತ್ತು. ಮೊದಲನೆಯದನ್ನು ಮಾತ್ರ ಬರೆದಿಡುವ ಸ್ಮರಣಸಂಚಿಕೆಗಳನ್ನು ನಾನು ಒಪ್ಪಲಾರೆ. 1914ರಲ್ಲಿ ಯುದ್ಧ ಬಂದು ಜರ್ಮನ್ ಪಾದ್ರಿಗಳು ಬಂಧಿತರಾದರು, ಮುಂದೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಎಲ್ಲವನ್ನೂ ಒಂದೇ ಕೈಗೆ ಒಪ್ಪಿಸಿದ್ದ ಸಭೆ ಎಷ್ಟು ನಿರಾಧಾರವಾಗಬಲ್ಲದು ಎಂಬುದು ಆಗ ಬಯಲಾಯಿತು.

ಇದಕ್ಕೆದುರಾಗಿ ಒಂದು ಕೆಲಸವನ್ನು ತಕರಾರಿಲ್ಲದೆ ಮೆಚ್ಚುತ್ತೇನೆ. ಮನೆಯಲ್ಲಿ ತುಳುವಾಡುವ ಜನರಿಗೆ ಈ ಸಭೆ ತುಳುವಿನಲ್ಲೇ ಓದು ಕೊಟ್ಟಿತು. ತುಳು ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ 1847ರ ಹೊತ್ತಿಗೇ ಅಚ್ಚಾಯಿತು. ಮಿಶನ್ನಿನ ಮ್ಯಾನರರ ತುಳು ನಿಘಂಟು 1886ರಲ್ಲಿ ಬಂತು. ಅಕ್ಷರದಿಂದ ದೂರವಿಟ್ಟಿದ್ದ ಮನೆಗಳ ಹೆಂಗಸರೂ ಮಕ್ಕಳೂ ಪುಸ್ತಕ ಹಿಡಿದರು. ಆ ಓದು ಕಾರ್ಖಾನೆಯ ಜೊತೆ ಕೈಬದಲಾಗುವಂಥದ್ದಲ್ಲ.

ಬಾಸೆಲ್‌ನ ಸಂಗ್ರಹದಲ್ಲಿ ಪಾದ್ರಿಗಳ ವರದಿ, ಪತ್ರ, ಛಾಯಾಚಿತ್ರಗಳು ಬೇಕಾದಷ್ಟಿವೆ. ಹಂಚು ಒತ್ತಿದವರ, ನೂಲು ಸುತ್ತಿದ ಹೆಂಗಸರ ಮಾತು ಅವುಗಳಲ್ಲಿ ಬರುವುದು ಪಾದ್ರಿಯ ಬಾಯಿಂದ. ಆ ಮನೆತನಗಳ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಅಜ್ಜಿಯರು ಹೇಳಿದ ಕಥೆಗಳನ್ನು ತುಳುವಿನಲ್ಲೇ ಕೇಳಿ ಬರೆದಿಡುವ ಕೆಲಸವನ್ನು ಬಲ್ಮಠದ ಸಭೆ ಈಗಲೇ ಕೈಗೆತ್ತಿಕೊಳ್ಳಬೇಕು.